ಎಬ್ಬಿಸಿದವರು ಯಾರು?



ಸೆಕ್ಟರ್ ಫೈವ್‌ನಲ್ಲಿ ಚಿಪ್ ವಿನ್ಯಾಸದ ಕೆಲಸಕ್ಕೆ ಸೇರುವ ನಮ್ಮ ಹುಡುಗರಿಗಾಗಿ ಎರಡು ಮಾತು. ಅಚ್ಚಾದ ಚಿಪ್ಪನ್ನು ತಿದ್ದುವುದು ಕಷ್ಟ; ಆದುದರಿಂದ ಮೊದಲೇ ಗಣಕದಲ್ಲಿ ನಡೆಸಿ ನೋಡುತ್ತಾರೆ. ಅದಕ್ಕೆ 1987ರಲ್ಲಿ ಪ್ರಮಾಣಿತವಾದ ಭಾಷೆ ವಿಎಚ್‌ಡಿಎಲ್. ಅದರಲ್ಲಿ ‘ಪ್ರೋಸೆಸ್’ ಮಲಗಿರುತ್ತದೆ. ಪಟ್ಟಿಯಲ್ಲಿರುವ ಯಾವ ಸಿಗ್ನಲ್ ಬದಲಾದರೂ ಏಳುತ್ತದೆ. ಎಬ್ಬಿಸಿದವರ ಹೆಸರನ್ನು ಮಾತ್ರ ಯಾರೂ ಹೇಳರು. ಎದ್ದೊಡನೆ ಒಂದೊಂದು ಸಿಗ್ನಲನ್ನೂ ‘ಈವೆಂಟ್’ ಎಂದು ಕೇಳಬೇಕು. ಮತ್ತೆ ಮಲಗಿ ಎದ್ದರೆ ಆ ಗುರುತು ಅಳಿದಿರುತ್ತದೆ.

ಗಿರಣಿಯ ಗೇಟಿಗೆ ಇಬ್ಬರು ಒಟ್ಟಿಗೆ ಬಂದರೆ ಹಾಜರಿಯಲ್ಲಿ ಇಬ್ಬರನ್ನೂ ಬರೆಯುತ್ತೇವಷ್ಟೆ? ಸಿಗ್ನಲ್‌ಗಳೂ ಒಂದೇ ಗಳಿಗೆಯಲ್ಲಿ ಬದಲಾಗಬಹುದು. ‘ಎಲ್ಸಿಫ್’ ಸರಪಳಿ ಹಾಕಿದರೆ ಮೊದಲನೆಯದೇ ಸಿಕ್ಕಿ ಎರಡನೆಯದು ತಪ್ಪಿಹೋಗುತ್ತದೆ. ಪ್ರತಿಯೊಂದಕ್ಕೂ ಬೇರೆ ‘ಇಫ್’ ಇಡಿರಿ. ಇನ್ನೊಂದು: ಇದ್ದ ಬೆಲೆಯನ್ನೇ ಪುನಃ ಕೊಟ್ಟರೆ ಅದು ಬದಲಾವಣೆಯಲ್ಲ, ಪ್ರೋಸೆಸ್ ಏಳುವುದಿಲ್ಲ.