ಮುಪ್ಪಿನ ರೇವಾ ಕಾರು ಮತ್ತು ಒಂದು ಕ್ಯಾನ್ ಬ್ಯಾಟರಿ ನೀರು

(ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮಲೆನಾಡಿನ ಪರಿಸರ ಸಭೆಯೊಂದರಲ್ಲಿ ಬೆಂಗಳೂರಿನ ಹಳೆಯ ಕಾರಿನ ದುರಸ್ತಿಯ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಈ ಕಾರು ಪೆಟ್ರೋಲಿನದಲ್ಲ, ವಿದ್ಯುತ್ತಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಿದ ಮೇಲೆ, ನಗರದ ಗೋಡೆಯಲ್ಲಿರುವ ಪ್ರತಿಯೊಂದು ಪ್ಲಗ್ಗಿಗೂ ಮಲೆನಾಡಿಗೂ ಒಂದು ಸಂಬಂಧ ಏರ್ಪಟ್ಟಿದೆ. ಇನ್ನೊಂದು ಕಾರಣವೂ ಉಂಟು. ಈ ಕಾರಿನ ಹೊಟ್ಟೆಯಲ್ಲಿರುವ ಸೀಸ-ಆಮ್ಲದ ಬ್ಯಾಟರಿಯ ಸಹೋದರನೇ ಘಟ್ಟದ ಮನೆಮನೆಯ ಜಗುಲಿಯ ಮೂಲೆಯಲ್ಲಿ ಇನ್ವರ್ಟರಿನ ಕೆಳಗೆ ಕುಳಿತಿದ್ದಾನೆ. ಒಂದಕ್ಕೆ ಸಲ್ಲುವ ವೈದ್ಯ ಇನ್ನೊಂದಕ್ಕೂ ಸಲ್ಲುತ್ತದೆ.

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದರೆ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶ. ರೇವಾ ಹುಟ್ಟಿದ್ದು ಅಲ್ಲಿ. ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆ ಜೊತೆಗೂಡಿ 1994ರಲ್ಲಿ ಕಂಪನಿ ಕಟ್ಟಿದವು. ಚೇತನ್ ಮೈನಿಯವರ ಮುಂದಾಳ್ತನದಲ್ಲಿ 2001ರಲ್ಲಿ ಕಾರು ಬೀದಿಗಿಳಿಯಿತು. ಲಂಡನ್ನಿನಲ್ಲಿ ಅದೇ ಕಾರು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಕಂಪನಿಯ ಬಹುಪಾಲು ಮಹೀಂದ್ರ ವಶವಾಯಿತು. 2013ರಲ್ಲಿ ‘ಇ2ಒ’ ಎಂಬ ಹೊಸ ಮಾದರಿ ಬಂದಿತು, ಅದೂ ಈಗ ತಯಾರಾಗುತ್ತಿಲ್ಲ. ಇಂದು ಅತ್ಯಂತ ಕಿರಿಯ ರೇವಾಕ್ಕೂ ಹನ್ನೆರಡು ವರ್ಷ ದಾಟಿದೆ. ಹಿರಿಯವಕ್ಕೆ ಇಪ್ಪತ್ತರ ಮೇಲೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಬ್ಯಾಟರಿ ವಾಹನಗಳಿಗೆ ಆ ಶುಲ್ಕವನ್ನು 2021ರಲ್ಲಿ ಕೇಂದ್ರ ಸರ್ಕಾರ ಮನ್ನಾ ಮಾಡಿತು. ಕಾಗದಪತ್ರದ ಅಡ್ಡಿ ಅಷ್ಟರಮಟ್ಟಿಗೆ ಕಡಿಮೆ. ಉಳಿದಿರುವ ಅಡ್ಡಿ ಬ್ಯಾಟರಿಯದು.

ಮನೆಯಲ್ಲೇ ದುರಸ್ತಿ ಮಾಡಿಕೊಳ್ಳಲು ಇಷ್ಟು ಅನುಕೂಲವಾದ ಕಾರು ಬೇರೊಂದಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಕಾರ್ಬುರೇಟರ್ ಇಲ್ಲ, ಕ್ಲಚ್ ಇಲ್ಲ, ಇಂಜಿನ್ ಆಯಿಲ್ ಇಲ್ಲ. ಹೊರಮೈ ಪ್ಲಾಸ್ಟಿಕ್ಕಿನದಾದ್ದರಿಂದ ಅದು ತುಕ್ಕು ಹಿಡಿಯುವ ಮಾತಿಲ್ಲ. ಮುಂದಿನ ಸೀಟುಗಳ ಕೆಳಗೆ ತಲಾ 6 ವೋಲ್ಟಿನ ಎಂಟು ಬ್ಯಾಟರಿಗಳು ಸಾಲುಜೋಡಣೆಯಲ್ಲಿ ನಿಂತು 48 ವೋಲ್ಟ್ ಕೊಡುತ್ತವೆ. ಎಂಟೂ ಸೇರಿ ತೂಕ ಸುಮಾರು ಕಾಲು ಟನ್. ಒಂದೊಂದರಲ್ಲಿ ಮೂರು ಕೋಶಗಳಂತೆ ಒಟ್ಟು ಇಪ್ಪತ್ತನಾಲ್ಕು ಕೋಶಗಳು.

ಈ ಮುಪ್ಪಿನ ಕಾರು ಸಾಮಾನ್ಯವಾಗಿ ಹೇಗೆ ಕೈಕೊಡುತ್ತದೆಂಬುದನ್ನು ನೋಡೋಣ. ವೈಟ್‌ಫೀಲ್ಡಿನ ಮಾಲೀಕನೊಬ್ಬ ರಾತ್ರಿಯಿಡೀ ಚಾರ್ಜಿಗಿಟ್ಟಿದ್ದಾನೆ. ಬೆಳಿಗ್ಗೆ ಮುಳ್ಳು ಪೂರ್ಣವೆಂದು ತೋರಿಸುತ್ತದೆ. ಮಾರತ್ತಹಳ್ಳಿಯ ಸೇತುವೆಯ ಏರು ಬಂದೊಡನೆ ಕಾರು ಏದುಸಿರು ಬಿಡುತ್ತದೆ, ಮುಳ್ಳು ಒಮ್ಮೆಲೇ ಕುಸಿಯುತ್ತದೆ. ಹಿಂದಿನ ವಾಹನಗಳ ಹಾರನ್ನು ಕೇಳುತ್ತ ಆತ ತೀರ್ಮಾನಿಸಿಬಿಡುತ್ತಾನೆ: ಬ್ಯಾಟರಿ ಮುಗಿಯಿತು, ಎಂಟೂ ಹೊಸದಾಗಬೇಕು, ಅದಕ್ಕೆ ತಗಲುವ ಹಣಕ್ಕಿಂತ ಕಾರನ್ನು ಗುಜರಿಗೆ ಹಾಕುವುದೇ ಮೇಲು. ಬಹುಪಾಲು ಸಂದರ್ಭಗಳಲ್ಲಿ ಈ ತೀರ್ಮಾನ ಅವಸರದ್ದು. ಸಾಲುಜೋಡಣೆಯ ಸ್ವಭಾವವೇನೆಂದರೆ, ಎಂಟರಲ್ಲಿ ಒಂದು ಸೊರಗಿದರೂ ಇಡೀ ಸಾಲು ಸೊರಗಿದಂತೆ ಕಾಣುತ್ತದೆ. ನಿಂತ ಕಾರಿನಲ್ಲಿ ಮಲ್ಟಿಮೀಟರ್ ಹಿಡಿದರೆ ಎಂಟೂ ಬ್ಯಾಟರಿಗಳು 6 ವೋಲ್ಟಿನ ಮೇಲೆಯೇ ತೋರಿಸಿ ಮೋಸ ಮಾಡಬಹುದು. ಭಾರ ಎಳೆಯುವಾಗ ಅಳೆಯಬೇಕು. ಒಬ್ಬರು ಕಾರನ್ನು ನಡೆಸುತ್ತಿರುವಾಗ ಇನ್ನೊಬ್ಬರು ಮೀಟರ್ ನೋಡುವುದು ಕಷ್ಟ. ಅದಕ್ಕೆ ಉದ್ದ ತಂತಿಗಳನ್ನು ಮೊದಲೇ ಭದ್ರವಾಗಿ ಕಟ್ಟಿಕೊಂಡು, ಖಾಲಿ ರಸ್ತೆಯ ಸಣ್ಣ ಏರಿನಲ್ಲಿ ಒಂದೊಂದನ್ನೇ ಪರೀಕ್ಷಿಸುವುದು ಕ್ಷೇಮ. ಏಳು ಬ್ಯಾಟರಿಗಳು ಸ್ವಲ್ಪವೇ ಇಳಿದು ನಿಲ್ಲುವಲ್ಲಿ ಎಂಟನೆಯದು ದಢಕ್ಕನೆ 4 ವೋಲ್ಟಿಗೆ ಬಿದ್ದರೆ ಕಳ್ಳ ಸಿಕ್ಕಂತಾಯಿತು. ಆಮೇಲೆ ಹೈಡ್ರೋಮೀಟರಿನಿಂದ ಅದರ ಮೂರು ಕೋಶಗಳ ದ್ರಾವಣವನ್ನು ಹೀರಿ ನೋಡಬೇಕು. ಪೂರ್ಣ ಚಾರ್ಜಾದ ಕೋಶದಲ್ಲಿ 1.250ರಿಂದ 1.280ರ ಆಸುಪಾಸಿನ ಸಾಂದ್ರತೆ ಇರುತ್ತದೆ. ಒಂದು ಕೋಶ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದರೆ ರೋಗ ಅಲ್ಲಿದೆ.

ಇದಕ್ಕೂ ಮೊದಲು ನೋಡಬೇಕಾದ ಸುಲಭದ ಸಂಗತಿ ಟರ್ಮಿನಲ್ಲುಗಳದು. ಸಡಿಲವಾದ ನಟ್ಟು, ಬಿಳಿ-ನೀಲಿ ಬೂಷ್ಟಿನಂತೆ ಕಟ್ಟಿದ ಲವಣ, ಇವೆರಡೇ ಅರ್ಧ ಕಾಯಿಲೆಗೆ ಕಾರಣ. ಓಡಿಸಿದ ಕೂಡಲೇ ಯಾವುದಾದರೂ ಜೋಡಣೆ ಮಿಕ್ಕವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಸಂಪರ್ಕ ಕೆಟ್ಟಿದೆಯೆಂದೇ ಅರ್ಥ. ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ, ಕೋಶದೊಳಗೆ ಇಳಿಯದಂತೆ ಎಚ್ಚರವಹಿಸಿ ತೊಳೆದು, ಒಣಗಿಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಬೇಕು. 48 ವೋಲ್ಟ್ ತಾನೇ ಎಂಬ ಉದಾಸೀನ ಸಲ್ಲದು. ಎರಡು ಟರ್ಮಿನಲ್ಲುಗಳ ನಡುವೆ ಸ್ಪ್ಯಾನರ್ ಬಿದ್ದರೆ ಅದು ಕೆಂಪಗೆ ಕಾದು ಅಂಟಿಕೊಳ್ಳುತ್ತದೆ. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ, ಉಂಗುರ-ಕೈಗಡಿಯಾರ ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಯೇ ಕೈಹಚ್ಚಬೇಕು. ಚಾರ್ಜಿನ ಕೊನೆಯ ಹಂತದಲ್ಲಿ ನೀರು ಒಡೆದು ಜಲಜನಕ ಹೊರಬರುತ್ತದೆ. ಅಪಾರ್ಟ್‌ಮೆಂಟಿನ ಗಾಳಿಯಾಡದ ನೆಲಮಾಳಿಗೆಯಲ್ಲಿ ಬೀಡಿ ಸೇದುತ್ತ ಬ್ಯಾಟರಿ ನೋಡುವವನಿಗೆ ಬುದ್ಧಿ ಹೇಳಲು ಎರಡನೆಯ ಅವಕಾಶ ಸಿಗದಿರಬಹುದು.

ಹೀಗೆ ಹೊರಟುಹೋದ ನೀರನ್ನು ಮರಳಿ ತುಂಬುವುದೇ ಈ ಕಾರಿನ ಮುಖ್ಯ ಆರೈಕೆ. ಇಲ್ಲಿ ಎರಡು ತಪ್ಪುಗಳು ಪದೇಪದೇ ನಡೆಯುತ್ತವೆ. ಮೊದಲನೆಯದು, ಚಾರ್ಜಿಗೆ ಮುನ್ನವೇ ಕಂಠಮಟ್ಟ ತುಂಬುವುದು. ಚಾರ್ಜಾಗುತ್ತ ದ್ರಾವಣ ಉಬ್ಬಿ ಆಮ್ಲ ಹೊರಚೆಲ್ಲುತ್ತದೆ, ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ. ಫಲಕಗಳು ಬಯಲಾಗಿದ್ದರೆ ಅವು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಉಳಿದುದನ್ನು ಚಾರ್ಜಾದ ಮೇಲೆ ತುಂಬಬೇಕು. ಎರಡನೆಯ ತಪ್ಪು ನಲ್ಲಿಯ ನೀರು. ವೈಟ್‌ಫೀಲ್ಡಿನ ಕಡೆ ಬಹುಪಾಲು ಬಳಕೆ ಆಳದ ಕೊಳವೆಬಾವಿ ಮತ್ತು ಟ್ಯಾಂಕರಿನ ನೀರಿನದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಆ ನೀರಿನ ಜಾತಕ. ಆ ಸುಣ್ಣ, ಕಬ್ಬಿಣ, ಕ್ಲೋರೈಡುಗಳು ಕೋಶದೊಳಗೆ ಹೋದರೆ ತಿರುಗಿ ಬರುವುದಿಲ್ಲ: ನೀರು ಆವಿಯಾಗುತ್ತದೆ, ಲವಣ ಸಂಗ್ರಹವಾಗುತ್ತ ಹೋಗುತ್ತದೆ. ನೀರಾವರಿಯ ಗದ್ದೆ ಚೌಳಾಗುವುದೂ ಇದೇ ನ್ಯಾಯದಿಂದ. ಅಡುಗೆಮನೆಯ ಫಿಲ್ಟರಿನ ನೀರೂ ಸಾಲದು, ಅದರಲ್ಲೂ ಲವಣಾಂಶ ಉಳಿದಿರುತ್ತದೆ. ಪೆಟ್ರೋಲ್ ಬಂಕಿನ ಬಳಿ ಕ್ಯಾನಿನಲ್ಲಿ ಸಿಗುವ ಬ್ಯಾಟರಿ ನೀರೇ ಸರಿ. ಮಲೆನಾಡಿನಲ್ಲಿ ಮಳೆಯ ನೀರನ್ನು ಇನ್ವರ್ಟರಿಗೆ ಹಾಕುವ ರೂಢಿ ಕೆಲವೆಡೆ ಇದೆ. ಆಷಾಢದ ನಡುವಿನ ಜಡಿಮಳೆಯನ್ನು ಬಯಲಿನಲ್ಲಿ ಗಾಜಿನ ಇಲ್ಲವೆ ಪ್ಲಾಸ್ಟಿಕ್ ಪಾತ್ರೆಗೆ ನೇರವಾಗಿ ಹಿಡಿದರೆ ತುರ್ತಿಗೆ ನಡೆದೀತು. ಹಂಚಿನಿಂದ ಪಾಚಿ ತೊಳೆದುಕೊಂಡು ಇಳಿದ ನೀರು ಬೇಡವೇ ಬೇಡ. ಆಮ್ಲವನ್ನಂತೂ ಎಂದೂ ಸೇರಿಸಬಾರದು, ಆವಿಯಾಗಿರುವುದು ನೀರು ಮಾತ್ರ.

ಕೆಟ್ಟ ಬ್ಯಾಟರಿ ಪತ್ತೆಯಾದ ಮೇಲೆ ಅದೊಂದರ ಜಾಗಕ್ಕೆ ಹೊಚ್ಚಹೊಸದನ್ನು ಕೂರಿಸುವುದು ಸಹಜ ಬಯಕೆ. ಆದರೆ ಮುದುಕರ ಸಾಲಿನಲ್ಲಿ ಹುಡುಗನನ್ನು ನಿಲ್ಲಿಸಿದಂತೆ, ಹಳೆಯವಕ್ಕೆ ಬೇಕಾದ ಚಾರ್ಜು ಹೊಸತಕ್ಕೆ ಅತಿಯಾಗಿ ಅದೂ ಬೇಗ ಮುಪ್ಪಾಗುತ್ತದೆ. ಅದೇ ವಯಸ್ಸಿನ, ಇನ್ನೂ ಗಟ್ಟಿಯಿರುವ ಹಳೆಯ ಬ್ಯಾಟರಿ ದೊರೆತರೆ ಉತ್ತಮ. ನಿಲ್ಲಿಸಿಟ್ಟ ಎರಡು ಕಾರುಗಳ ಹದಿನಾರರಲ್ಲಿ ಎಂಟು ಆರೋಗ್ಯವಂತವನ್ನು ಆರಿಸಿದರೆ ಒಂದು ಕಾರು ಮತ್ತೆ ಓಡುತ್ತದೆ. ಲಿಥಿಯಂ ಬ್ಯಾಟರಿ ತುಂಬಿಸುವ ಆಸೆಯವರೂ ಇದ್ದಾರೆ. ಭಾರ ಬಹಳ ಇಳಿಯುವುದು ನಿಜ. ಆದರೆ ಹಳೆಯ ಚಾರ್ಜರಿನ ಪಾಠ ಸೀಸದ್ದು, ಲಿಥಿಯಮ್ಮಿಗೆ ಅದು ಅಪಾಯಕಾರಿ. ಚಾರ್ಜರನ್ನೂ ಕೋಶಗಳನ್ನು ಕಾಯುವ ವ್ಯವಸ್ಥೆಯನ್ನೂ ಬದಲಿಸದೆ, ಸಾರಿಗೆ ಇಲಾಖೆಯ ಒಪ್ಪಿಗೆಯಿಲ್ಲದೆ ಅದಕ್ಕೆ ಕೈಹಾಕುವಂತಿಲ್ಲ. ಮೋಟಾರಿನ ಸುರುಳಿ ಸುಟ್ಟರೆ ಪೀಣ್ಯದಂಥ ಕಡೆ ರೀವೈಂಡಿಂಗ್ ಅಂಗಡಿಗಳಿವೆ. ಕಂಟ್ರೋಲರ್ ಪೆಟ್ಟಿಗೆಯನ್ನು ಮಾತ್ರ ಬಲ್ಲವರಲ್ಲದೆ ಬಿಚ್ಚಬಾರದು.

ಇಷ್ಟಕ್ಕೂ ಒಂದು ಸೊರಗಿದ ಕೋಶದಿಂದ ಮಲೆನಾಡಿಗೇನು? ಲೆಕ್ಕ ಸರಳ. ಶರಾವತಿ ವಿದ್ಯುದಾಗಾರದಲ್ಲಿ ನೀರು ಸುಮಾರು 440 ಮೀಟರ್ ಎತ್ತರದಿಂದ ಧುಮುಕುತ್ತದೆ. ಯಂತ್ರದ ನಷ್ಟವನ್ನು ಕಳೆದರೆ ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಸಾವಿರ ಲೀಟರ್ ನೀರು ಇಳಿಯಬೇಕು. ರೇವಾದ ಬ್ಯಾಟರಿಯ ಸಾಮರ್ಥ್ಯ ಸುಮಾರು 9.6 ಯೂನಿಟ್, ಚಾರ್ಜಿನ ನಷ್ಟ ಸೇರಿ ಹನ್ನೆರಡು ಯೂನಿಟ್ ಎಂದಿಟ್ಟುಕೊಂಡರೆ ಹನ್ನೆರಡು ಸಾವಿರ ಲೀಟರ್, ಎಂದರೆ ವೈಟ್‌ಫೀಲ್ಡಿನ ಒಂದು ದೊಡ್ಡ ಟ್ಯಾಂಕರ್. ನಗರಕ್ಕೆ ಬರುವ ವಿದ್ಯುತ್ತೆಲ್ಲ ಶರಾವತಿಯದಲ್ಲ. ರಾಯಚೂರಿನ ಕಲ್ಲಿದ್ದಲೂ ಕೈಗಾದ ಅಣುವೂ ಗಾಳಿ-ಬಿಸಿಲುಗಳೂ ಅದರಲ್ಲಿವೆ. ಆದರೂ ಆರೈಕೆಯಿಲ್ಲದ ಬ್ಯಾಟರಿ ಅದೇ ಹನ್ನೆರಡು ಯೂನಿಟ್ ಕುಡಿದು, ಬಹುಪಾಲನ್ನು ಕಾವಾಗಿ, ಅನಿಲವಾಗಿ ಕಳೆದು, ಎಂಬತ್ತು ಕಿಲೋಮೀಟರಿನ ಬದಲು ಇಪ್ಪತ್ತೈದು ಓಡಿದರೆ ಆ ನಷ್ಟವನ್ನು ಯಾವುದೋ ಕಣಿವೆ ತೆರಬೇಕು. ಅದೇ ಶರಾವತಿಯಲ್ಲಿ ಸಿಂಗಳೀಕಗಳ ಕಾಡಿನೊಳಗೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿರುವಾಗ ಈ ಲೆಕ್ಕವನ್ನು ಸಣ್ಣದೆನ್ನಲಾಗದು.

ಕೊನೆಗೆ, ಸತ್ತ ಬ್ಯಾಟರಿಯ ಸಂಸ್ಕಾರ. ಎಂಟು ಬ್ಯಾಟರಿಗಳ ತೂಕದಲ್ಲಿ ಹೆಚ್ಚಿನ ಪಾಲು ಸೀಸವೇ. ಹಳೆಯ ಬ್ಯಾಟರಿಯನ್ನು ವಿತರಕರು ಮರಳಿ ಪಡೆಯಬೇಕೆಂದು 2001ರ ನಿಯಮಗಳು ಹೇಳಿದ್ದವು; ಅವುಗಳ ಜಾಗದಲ್ಲಿ ಬಂದ 2022ರ ನಿಯಮಗಳು ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೂ ಹಿತ್ತಿಲಿನಲ್ಲಿ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಬಯಲಿನಲ್ಲೇ ಕರಗಿಸುವವರಿದ್ದಾರೆ, ಮತ್ತು ಅವರು ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ. ಸೀಸ ಕೊಳೆಯುವ ವಸ್ತುವಲ್ಲ. ಮೇಲ್ಮಣ್ಣಿನ ಜೇಡಿ ಮತ್ತು ಸಾವಯವ ಅಂಶಕ್ಕೆ ಅಂಟಿಕೊಂಡು ತಲೆಮಾರುಗಳ ಕಾಲ ಅಲ್ಲೇ ಇರುತ್ತದೆ. ಧೂಳಾಗಿ ಸೊಪ್ಪಿನ ಮೇಲೆ, ಆಡುವ ಮಕ್ಕಳ ಕೈಗೆ ಬರುತ್ತದೆ. ಮಣ್ಣು ಹುಳಿಯಾದಷ್ಟೂ ಅದು ಹೆಚ್ಚು ಕರಗುತ್ತದೆ. ಮಳೆಗೆ ಸುಣ್ಣವೆಲ್ಲ ತೊಳೆದುಹೋಗಿ ಹುಳಿಯಾಗಿರುವ ಘಟ್ಟದ ಮಣ್ಣಿನಲ್ಲಿ, ಅಡಿಕೆ ತೋಟದ ಕಪ್ಪಿನ ಪಕ್ಕ, ಇನ್ವರ್ಟರಿನ ಒಡೆದ ಬ್ಯಾಟರಿ ಬಿದ್ದಿರುವ ದೃಶ್ಯ ಅಪರೂಪದ್ದಲ್ಲ. ಅಂಥದು ಕಂಡರೆ ಬರಿಗೈಯಲ್ಲಿ ಮುಟ್ಟದೆ, ನೆಟ್ಟಗೆ ನಿಲ್ಲಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಒಪ್ಪಿಸಿ ರಸೀದಿ ಪಡೆಯಬೇಕು. ಚೆಲ್ಲಿದ ಆಮ್ಲದ ಮೇಲೆ ಸುಣ್ಣದ ಪುಡಿ ಎರಚಿದರೆ ಹುಳಿ ಅಡಗುತ್ತದೆ. ಅಷ್ಟರಿಂದ ಸೀಸ ಹೋಗುವುದಿಲ್ಲ. ಆ ಮಣ್ಣನ್ನು ಒಂದು ಗೇಣು ಆಳಕ್ಕೆ ಕೆರೆದು ಬೇರೆ ತೆಗೆದಿಡಬೇಕು, ಆ ಜಾಗದಲ್ಲಿ ಬಸಳೆಯನ್ನಾಗಲಿ ಹರಿವೆಯನ್ನಾಗಲಿ ಬೆಳೆಯಕೂಡದು.