ಕಂಠೀರವದ ಟ್ರ್ಯಾಕ್ ಕೀಳಬೇಕಾ?

ಬಿಎಫ್‌ಸಿ ಫ್ಯಾನ್ಸ್ ನಾಲ್ಕು ಜನ ಸೇರಿದ್ರೆ 2016ರ ಅಕ್ಟೋಬರ್ 19ರ ಮಾತು ಬಂದೇ ಬರುತ್ತೆ. ಕಂಠೀರವದಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಾಲಿ ಚಾಂಪಿಯನ್ ಜೊಹೊರ್. ಮೊದಲ ಗೋಲು ಅವರದ್ದೇ. ಆಮೇಲೆ ಛೆಟ್ರಿ ಎರಡು, ಹುವಾನನ್ ಒಂದು. 3-1! ಆ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ದೋಹಾದಲ್ಲಿ 0-1ರಿಂದ ಸೋತ್ವಿ, ಬಿಡಿ.

ಜಗಳ ಶುರುವಾಗೋದು ಗ್ರೌಂಡ್ ವಿಷಯಕ್ಕೆ. ಕಂಠೀರವದಲ್ಲಿ ಗ್ಯಾಲರಿಗೂ ಪಿಚ್‌ಗೂ ನಡುವೆ ಓಟದ ಟ್ರ್ಯಾಕ್ ಇದೆ. 2013-14ರಲ್ಲಿ, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಾಗ ಆಡ್ತಿದ್ದದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿ ನಮ್ಮ ಕೂಗು ನೇರ ಆಟಗಾರರ ಕಿವಿಗೆ. ಆ ಹತ್ತಿರ ನಂಗೂ ಬೇಕು. ಆದ್ರೆ ‘ಟ್ರ್ಯಾಕ್ ಕಿತ್ತುಹಾಕಿ’ ಅನ್ನೋದನ್ನ ನಾನು ಒಪ್ಪಲ್ಲ. ಅಲ್ಲಿ ಓಡೋ ಹುಡುಗಿಗೂ ಅದು ಹೋಮ್ ಗ್ರೌಂಡೇ. ನಮಗೆ ಬೇಕಿರೋದು ನಮ್ಮದೇ ಇನ್ನೊಂದು ಮೈದಾನ. ನೀವೇನಂತೀರಿ?