ಭೂಮಿಯನ್ನು ತಟ್ಟಿ ನೋಡುವ ವಿದ್ಯೆ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ಭೂಕಂಪದ ಅಲೆಗಳನ್ನು ಓದುವುದು ನನ್ನ ಕೆಲಸ. ‘ನೆಲದೊಳಗೆ ಅಷ್ಟು ಆಳದಲ್ಲಿ ಏನಿದೆ ಅಂತ ಹೇಗಪ್ಪಾ ಗೊತ್ತಾಗುತ್ತೆ?’ ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಸಂತೆಯಲ್ಲಿ ತೆಂಗಿನಕಾಯಿಯನ್ನು ಒಡೆದು ನೋಡಿ ಕೊಳ್ಳುವುದಿಲ್ಲ. ತಟ್ಟಿ, ಸದ್ದು ಕೇಳಿ ಕೊಳ್ಳುತ್ತೇವೆ. ಭೂಮಿಯನ್ನು ತಟ್ಟುವುದು ಭೂಕಂಪ. ಕೇಳಿಸಿಕೊಳ್ಳುವುದು ನಮ್ಮ ಪಾಲು.

ಭೂಕಂಪದಿಂದ ಪಿ ಅಲೆ ಮೊದಲು ಬರುತ್ತದೆ, ಎಸ್ ಅಲೆ ಆಮೇಲೆ. ಮಿಂಚಿಗೂ ಗುಡುಗಿಗೂ ನಡುವಿನ ಹೊತ್ತು ಎಣಿಸಿ ಸಿಡಿಲಿನ ದೂರ ಅಂದಾಜು ಮಾಡುವಂತೆ, ಈ ಎರಡರ ಅಂತರದಿಂದ ಭೂಕಂಪದ ದೂರ ತಿಳಿಯುತ್ತದೆ. 1928ರಲ್ಲಿ ಜಪಾನಿನ ಕಿಯೊ ವಾದಾತಿ ಹೀಗೆ ಲೆಕ್ಕ ಹಾಕಿ, ಕೆಲವು ಭೂಕಂಪಗಳು ನೂರಾರು ಕಿ.ಮೀ. ಆಳದಲ್ಲಿ ಹುಟ್ಟುತ್ತವೆ ಎಂದು ತೋರಿಸಿದರು. ಸಮುದ್ರದ ಕಡೆ ಮೇಲೆ, ಭೂಖಂಡದ ಕಡೆ ಹೋದಂತೆ ಆಳದಲ್ಲಿ, ಹೀಗೆ ಅವು ಓರೆಯಾಗಿ ಸಾಲುಗಟ್ಟಿರುವುದೂ ಮುಂದೆ ಕಂಡಿತು. ಸಮುದ್ರತಳದ ಭೂಫಲಕ ಇನ್ನೊಂದು ಫಲಕದ ಅಡಿಗೆ ಇಳಿಯುತ್ತಿದೆ ಎಂಬುದೇ ಅದರ ಅರ್ಥ. ಇಳಿಯುವ ಫಲಕ ಸುತ್ತಲಿಗಿಂತ ತಣ್ಣಗಿರುವುದರಿಂದ ಅದರೊಳಗೆ ಅಲೆ ತುಸು ಬೇಗ ಓಡುತ್ತದೆ. ಜ್ವಾಲಾಮುಖಿಗಳ ಅಡಿಯ ಬಿಸಿ ಜಾಗದಲ್ಲಿ ತಡವಾಗುತ್ತದೆ. ಸಾವಿರಾರು ಅಲೆಗಳ ಹೊತ್ತನ್ನು ಜೋಡಿಸಿದರೆ, ಆಸ್ಪತ್ರೆಯ ಸ್ಕ್ಯಾನಿನಂತೆ ಒಳಗಿನ ಚಿತ್ರ ಸಿಗುತ್ತದೆ.

ಇದರಿಂದ ನಮಗೇನು ಎನ್ನಬೇಡಿ. ಬಂಗಾಳ ಕೊಲ್ಲಿಯಾಚೆ, ಸುಮಾತ್ರಾದಿಂದ ಅಂಡಮಾನಿನವರೆಗೆ ಇಂಥದೇ ಜಾಗವಿದೆ. 2004ರ ಡಿಸೆಂಬರ್ 26ರ ಬೆಳಿಗ್ಗೆ, ಅಲ್ಲಿ ಕಚ್ಚಿಕೊಂಡಿದ್ದ ಫಲಕಗಳು ಸುಮಾರು 1,300 ಕಿ.ಮೀ. ಉದ್ದಕ್ಕೆ ಜಾರಿದವು. ಕಂಪನದ ಅಲೆ ಚೆನ್ನೈ ತಲುಪಲು ಐದು ನಿಮಿಷವೂ ಬೇಕಾಗಲಿಲ್ಲ. ಸುನಾಮಿಗೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಹೊತ್ತು ಇತ್ತು, ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆಯ ವ್ಯವಸ್ಥೆ ಇರಲಿಲ್ಲ. ಹಲವು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು. ನಮ್ಮ ಸುನಾಮಿ ಎಚ್ಚರಿಕೆ ಕೇಂದ್ರ ಹೈದರಾಬಾದಿನಲ್ಲಿ ಶುರುವಾದದ್ದು 2007ರಲ್ಲಿ.

ಭೂಕಂಪ ಯಾವ ದಿನ ಆಗುತ್ತದೆಂದು ಯಾರೂ ಹೇಳಲಾರರು. ಆದ ಮೇಲೆ ಅಲೆ ತರುವ ಸುದ್ದಿಯನ್ನು ಬೇಗ ಓದಿ ಜನರಿಗೆ ಮುಟ್ಟಿಸಬಹುದು. ಮಕ್ಕಳೇ, ಕಡಲ ತೀರದಲ್ಲಿದ್ದಾಗ ನೆಲ ಜೋರಾಗಿ ನಡುಗಿದರೆ, ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ನೋಡುತ್ತ ನಿಲ್ಲಬೇಡಿ; ಎತ್ತರಕ್ಕೆ ಓಡಿ.

ದೂರ, ವೇಗ, ಕಾಲ: ಇಷ್ಟಕ್ಕೆಲ್ಲ ಬೇರು ಈ ಶಾಲೆಯ ಕಪ್ಪುಹಲಗೆಯ ಮೇಲೆ ಕಲಿತ ಲೆಕ್ಕವೇ.